ಗೆರೆಯ ನಡುವಿನ ಕೆಂಪು ಚುಕ್ಕೆ

ನಮ್ಮ ಕಾಲೇಜಿನ ಬಾಸ್ಕೆಟ್‌ಬಾಲ್ ಅಂಕಣದ ಫ್ರೀ ಥ್ರೋ (ಎದುರಾಳಿ ಫೌಲ್ ಮಾಡಿದಾಗ ಸಿಗುವ ತಡೆಯಿಲ್ಲದ ಎಸೆತ) ಗೆರೆಯ ನಟ್ಟನಡುವೆ ಎಂಟಾಣೆ ನಾಣ್ಯದಷ್ಟಗಲದ ಕೆಂಪು ಚುಕ್ಕೆ ಇತ್ತು. ಅದನ್ನು ಇಟ್ಟವರು ನಮ್ಮ ಕೋಚ್, ಎಲ್ಲರ ಬಾಯಲ್ಲೂ ‘ಮಾಷ್’. ಮರದ ನೆಲದ ಅಂಕಣಗಳಲ್ಲಿ ಆ ಜಾಗದಲ್ಲಿ ಅಳತೆಗೆ ಹೊಡೆದ ಮೊಳೆ ಸಾಮಾನ್ಯವಾಗಿ ಇರುತ್ತದೆ, ಆಟಗಾರರು ಅದರ ನೇರಕ್ಕೆ ಬಲಗಾಲು ತಂದು ನಿಲ್ಲುತ್ತಾರೆ. ಚೆನ್ನೈಯ ಬ್ಯಾಂಕ್ ತಂಡವೊಂದರಲ್ಲಿ ಸಂಬಳಕ್ಕೆ ಆಡಿ ಬಂದ ಮಾಷ್‌ಗೆ ಅದು ರೂಢಿ. ಕಾಸರಗೋಡಿನ ಸಿಮೆಂಟು ನೆಲದಲ್ಲಿ ಮೊಳೆ ಎಲ್ಲಿಂದ ಬರಬೇಕು? ಹಾಗಾಗಿ ಎನಾಮೆಲ್ ಬಣ್ಣದ ಚುಕ್ಕೆ.

ಅವರ ಪಾಠ ಕೈಯಿಂದ ಅಲ್ಲ, ಮೊಣಕಾಲಿನಿಂದ ಶುರು. ‘ಮುಟ್ಟ್, ಮುಟ್ಟ್’ ಎಂದು ಕೂಗುತ್ತಿದ್ದರು. ಮಲಯಾಳದಲ್ಲಿ ಮುಟ್ಟ್ ಎಂದರೆ ಮೊಣಕಾಲು. ಕನ್ನಡ ಮಾಧ್ಯಮದಿಂದ ಹೊಸದಾಗಿ ಬಂದವರು ಏನನ್ನು ಮುಟ್ಟಬೇಕೆಂದು ತಿಳಿಯದೆ ಸುತ್ತ ನೋಡುತ್ತಿದ್ದರು. ಮಾಷ್ ಬಂದು ಅವರ ಮೊಣಕಾಲ ಹಿಂದೆ ಮೆಲ್ಲ ತಟ್ಟಿ ಬಗ್ಗಿಸುತ್ತಿದ್ದರು. ಚೆಂಡು ರಿಂಗಿನ ಮುಂದಂಚಿಗೆ ಬಡಿದು ವಾಪಸು ಬಂದರೆ ತಪ್ಪು ಹೆಚ್ಚಾಗಿ ಕಾಲಿನದ್ದೇ. ಬಗ್ಗದ ಕಾಲಿನ ಕೊರತೆಯನ್ನು ತೋಳು ತುಂಬಲು ಹೋಗಿ ಗುರಿ ಕೆಡುತ್ತದೆ.

ಚೆಂಡು ಏಕೆ ಎತ್ತರಕ್ಕೆ ಏರಿ ಇಳಿಯಬೇಕು ಎಂಬುದನ್ನು ಅವರು ಕ್ಯಾಂಟೀನಿನ ಸ್ಟೀಲ್ ಲೋಟದಲ್ಲಿ ತೋರಿಸಿದ್ದರು. ಲೋಟದ ಬಾಯಿಯನ್ನು ಮೇಲಿನಿಂದ ನೋಡಿದರೆ ದುಂಡಗೆ, ಓರೆ ಮಾಡಿದಷ್ಟೂ ಇಕ್ಕಟ್ಟು. ರಿಂಗಿನ ಒಳ ಅಗಲ 45 ಸೆಂ.ಮೀ., ಚೆಂಡಿನದ್ದು ಸುಮಾರು 24. ಚೆಂಡು 45 ಡಿಗ್ರಿಯಲ್ಲಿ ಇಳಿದರೆ ಅದಕ್ಕೆ ಸಿಗುವ ಕಂಡಿ ಸುಮಾರು 32 ಸೆಂ.ಮೀ. 30 ಡಿಗ್ರಿಗೆ ಇಳಿಯಿತೋ, ಕಂಡಿ 22.5ಕ್ಕೆ ಬರುತ್ತದೆ, ಚೆಂಡಿಗಿಂತಲೂ ಚಿಕ್ಕದು. ಆಮೇಲೆ ಅಂಚಿಗೆ ತಾಗದೆ ಒಳಗೆ ಹೋಗುವ ಮಾತೇ ಇಲ್ಲ. ಇಷ್ಟು ಸರಳವಾಗಿ ಇದನ್ನು ಹೇಳಿಕೊಟ್ಟವರನ್ನು ಬೇರೆಲ್ಲೂ ಕಂಡಿಲ್ಲ.

ಹೊಸಬರು ಮೊದಲ ವಾರವೆಲ್ಲ ರಿಂಗಿನಿಂದ ಒಂದೇ ಮೀಟರ್ ದೂರ ನಿಂತು ಒಂದೇ ಕೈಯಲ್ಲಿ ಎಸೆಯಬೇಕು. ಅಂಗೈಗೂ ಚೆಂಡಿಗೂ ನಡುವೆ ಒಂದು ಬೆರಳು ತೂರುವಷ್ಟು ಸಂದು, ಮೊಣಕೈ ಚೆಂಡಿನ ಕೆಳಗೆ. ಚೆಂಡು ಬಿಟ್ಟ ಮೇಲೆ ಮಣಿಕಟ್ಟು ಬಾಗಿಯೇ ಇರಬೇಕು, ಅದು ರಿಂಗ್ ಮುಟ್ಟುವ ತನಕ. ಮಾಷ್ ಮಾತ್ರ ರಿಂಗನ್ನು ನೋಡುತ್ತಿರಲಿಲ್ಲ, ಹಾರುವ ಚೆಂಡಿನ ಕಪ್ಪು ಗೀಟುಗಳನ್ನು ನೋಡುತ್ತಿದ್ದರು. ಗೀಟು ನೇರ ಹಿಂದಕ್ಕೆ ಉರುಳಿದರೆ ಸರಿ. ಮುಂದೆ ಎಡಗೈ ಆಸರೆಗೆ ಬಂದ ಮೇಲೆ, ಬುಗುರಿಯ ಹಾಗೆ ಪಕ್ಕಕ್ಕೆ ತಿರುಗಿದರೆ ಆ ಕೈಯ ಹೆಬ್ಬೆರಳು ಕೊನೆಯ ಗಳಿಗೆಯಲ್ಲಿ ಚೆಂಡನ್ನು ತಳ್ಳಿದೆ ಎಂದೇ ಲೆಕ್ಕ. ಚೆಂಡು ಒಳಗೆ ಬಿದ್ದಿದ್ದರೂ ಅವರು ಅದನ್ನು ಎಣಿಸುತ್ತಿರಲಿಲ್ಲ.

ಫ್ರೀ ಥ್ರೋ ಅಭ್ಯಾಸ ಯಾವತ್ತೂ ಸುಸ್ತಾದ ಮೇಲೆಯೇ. ಅಂಕಣದ ಉದ್ದ 28 ಮೀಟರ್. ನಾಲ್ಕು ಸಲ ಓಡಿ ಬಂದು, ಏದುಸಿರು ಇಳಿಯುವ ಮೊದಲೇ ಎರಡು ಎಸೆತ. ರೆಫರಿ ಚೆಂಡು ಕೊಟ್ಟ ಮೇಲೆ ಇರುವುದು 5 ಸೆಕೆಂಡು. ಚುಕ್ಕೆಯ ನೇರಕ್ಕೆ ಕಾಲು, ಎರಡು ಪುಟಿತ, ಒಂದು ಉಸಿರು, ಎಸೆತ. ಪಂದ್ಯದಲ್ಲಿ ಫ್ರೀ ಥ್ರೋ ಸಿಗುವುದು ದಣಿದಾಗಲೇ, ಬೆಳಗ್ಗೆ ತಣ್ಣಗೆ ನಿಂತು ನೂರು ಹಾಕಿದ್ದು ಅಲ್ಲಿ ಕೈಹಿಡಿಯದು ಎನ್ನುವುದು ಅವರ ಅನುಭವ.

ಮುರಕಲ್ಲಿನ ಕೆಂಪು ಧೂಳು ಅವರ ದೊಡ್ಡ ಶತ್ರು. ಸಿಮೆಂಟಿನ ಮೇಲೆ ತೆಳ್ಳಗೆ ಹರಡಿದ ಧೂಳು ರಾಗಿ ಚೆಲ್ಲಿದ ಹಾಗೆ, ಓಡುವವ ನಿಂತರೂ ಕಾಲು ನಿಲ್ಲದೆ ಪಾದದ ಗಂಟು ಉಳುಕುತ್ತದೆ. ಅದಕ್ಕೆ ಅಂಚುಗೆರೆಯ ಹೊರಗೆ ಒಂದು ಒದ್ದೆ ಗೋಣಿಚೀಲ. ಒಳಗೆ ಬರುವವರೆಲ್ಲ ಶೂವಿನ ಅಡಿ ಅದಕ್ಕೆ ಉಜ್ಜಿಯೇ ಬರಬೇಕು. ಚೆಂಡಿಗೆ ಗಾಳಿ ಹಾಕುವ ಸೂಜಿಯನ್ನೂ ಒದ್ದೆ ಮಾಡದೆ ಚುಚ್ಚಲು ಬಿಡುತ್ತಿರಲಿಲ್ಲ, ಒಣಸೂಜಿ ವಾಲ್ವ್ ಹರಿಯುತ್ತದೆ. ಚರ್ಮದ ಚೆಂಡು ಮಳೆಗಾಲದಲ್ಲಿ ನೀರು ಕುಡಿದು ಭಾರವಾಗಿ ಬೂಸ್ಟು ಹಿಡಿಯುತ್ತದೆಂದು ಹೊರಗೆ ಬರೀ ರಬ್ಬರ್ ಚೆಂಡು.

ಮಳೆ ನಿಂತ ಮೇಲೆ ಅಂಕಣದ ಕೆಲಸ. ಬ್ಲೀಚಿಂಗ್ ಪುಡಿಯ ನೀರು ಹೊಯ್ದು, ಅರ್ಧ ಗಂಟೆ ಬಿಟ್ಟು, ಹಿಡಿಸೂಡಿಯಿಂದ ಪಾಚಿ ತಿಕ್ಕಿ, ಎರಡು ಸಲ ತೊಳೆಯುವುದು. ಪುಡಿ ಉಳಿದರೆ ಬಣ್ಣ ಹಿಡಿಯುವುದಿಲ್ಲ. 2010ರಲ್ಲಿ ಮೂರು ಅಂಕದ ಗೆರೆ 6.25ರಿಂದ 6.75 ಮೀಟರಿಗೆ ಸರಿಯಿತು. ಆ ಕಮಾನು ಎಳೆಯುವಾಗ ಹಲವರು ಹಗ್ಗವನ್ನು ರಿಂಗಿನ ಹಿಂದಿನ ಹಲಗೆಯ ಕೆಳಗಿನಿಂದ ಹಿಡಿಯುತ್ತಾರೆ. ಅದು ತಪ್ಪು. ಕೊನೆಗೆರೆಯ ಒಳ ಅಂಚಿನಿಂದ 1.575 ಮೀಟರ್ ಒಳಗೆ, ರಿಂಗಿನ ನಡುವಿನ ನೇರ ಕೆಳಗೆ ಹಿಡಿಯಬೇಕು. ಹುರಿಹಗ್ಗ ಎಳೆದರೆ ಹಿಗ್ಗುತ್ತದೆ, ಆದ್ದರಿಂದ ಕಬ್ಬಿಣದ ತಂತಿಯೇ ಆಗಬೇಕು.

ಕೆಂಪು ಚುಕ್ಕೆ ಎಲ್ಲಕ್ಕಿಂತ ಕೊನೆಗೆ. ಅದನ್ನು ಮಾಷ್ ತಾವೇ ಕುಕ್ಕರುಗಾಲಿನಲ್ಲಿ ಕುಳಿತು ಇಡುತ್ತಿದ್ದರು. ಬಣ್ಣ ಒಣಗುವ ಎರಡು ದಿನ ಯಾರೂ ಒಳಗೆ ಕಾಲಿಡುವಂತಿರಲಿಲ್ಲ, ಅವರೂ ಇಡುತ್ತಿರಲಿಲ್ಲ.