ಹನ್ನೆರಡೂವರೆ ಎಂಬ ತಪ್ಪು ಉತ್ತರ

ಸಿಂಧನೂರು ಕಡೆಯ ಒಂದು ಸರ್ಕಾರಿ ಪ್ರೌಢಶಾಲೆ. ಆಗಸ್ಟ್ ತಿಂಗಳು, ಎಡದಂಡೆ ಕಾಲುವೆಗೆ ನೀರು ಬಂದು ಗದ್ದೆಗಳೆಲ್ಲ ಕೆಸರಾಗಿದ್ದವು. ಒಂಬತ್ತನೇ ತರಗತಿ ‘ಎ’ ವಿಭಾಗ, ಎರಡನೇ ಪಿರಿಯಡ್, ಬಿ.ಎಡ್. ಎರಡನೇ ವರ್ಷದ ಪ್ರಶಿಕ್ಷಣಾರ್ಥಿಯೊಬ್ಬರ ವಿಜ್ಞಾನ ಪಾಠ. ಹಾಜರಿ ಪುಸ್ತಕದಲ್ಲಿ 54 ಹೆಸರು, ಬೆಂಚಿನ ಮೇಲೆ 33 ಮಕ್ಕಳು. ಉಳಿದವರೆಲ್ಲಿ ಎಂದರೆ ಮುಂದಿನ ಬೆಂಚಿನ ಹುಡುಗಿ ಎದ್ದು, “ನಾಟಿ ಹಚ್ಚಾಕ ಹೋಗ್ಯಾರ್ರಿ ಟೀಚರ್” ಅಂದಳು. ಪಾಠ ಯೋಜನೆಯಲ್ಲಿ ಹನ್ನೊಂದು ಗುಂಪು ಎಂದು ಬರೆದಿತ್ತು. ಗುಂಪುಗಳನ್ನು ಮತ್ತೆ ಮಾಡುವುದರಲ್ಲೇ ನಾಲ್ಕು ನಿಮಿಷ ಹೋಯಿತು.

ಈ ಸೀಮೆಯಲ್ಲಿ ಪಾಠ ಯೋಜನೆ ಬರೆಯುವವರು ಪಂಚಾಂಗ ನೋಡದಿದ್ದರೂ ಹೊಲ ನೋಡಬೇಕು. ನಾಟಿ, ಕಳೆ, ಹತ್ತಿ ಬಿಡಿಸುವ ಕಾಲದಲ್ಲಿ ಯಾವ ತರಗತಿಯೂ ತುಂಬಿರುವುದಿಲ್ಲ. ಹಾಗಾಗಿ ಗುಂಪು ಎಷ್ಟು ಎಂದು ಮೊದಲೇ ಬರೆಯದೆ, ‘ಒಂದು ಬೆಂಚಿಗೆ ಒಂದು ಗುಂಪು’ ಎಂದಿಟ್ಟರೆ ಎಷ್ಟು ಜನ ಬಂದರೂ ಕೆಲಸ ನಿಲ್ಲುವುದಿಲ್ಲ.

ಯೋಜನೆ ಐದು ಹಂತದ್ದು. ತೊಡಗಿಸಿಕೊಳ್ಳುವಿಕೆ 5 ನಿಮಿಷ, ಅನ್ವೇಷಣೆ 12, ವಿವರಣೆ 10, ವಿಸ್ತರಣೆ 8, ಮೌಲ್ಯಮಾಪನ 5. ಕೂಡಿಸಿದರೆ ಸರಿಯಾಗಿ 40. ಹಾಜರಿಗೆ, ಬೋರ್ಡ್ ಒರೆಸುವುದಕ್ಕೆ, ತಡವಾಗಿ ಬಂದು ಬಾಗಿಲಲ್ಲಿ ನಿಂತವನನ್ನು ಒಳಗೆ ಕರೆಯುವುದಕ್ಕೆ ಅದರಲ್ಲಿ ಅರ್ಧ ನಿಮಿಷವೂ ಇಲ್ಲ. 40 ನಿಮಿಷದ ಪಿರಿಯಡ್‌ನಲ್ಲಿ ಪಾಠಕ್ಕೆ ದಕ್ಕುವುದು 32, ಹೆಚ್ಚೆಂದರೆ 34. ಇದನ್ನು ಯಾವ ಕಾಲೇಜಿನಲ್ಲೂ ಹೇಳದೆ ಇರುವುದಿಲ್ಲ, ಯಾವ ಪ್ರಶಿಕ್ಷಣಾರ್ಥಿಯೂ ಮೊದಲ ವಾರ ನಂಬುವುದಿಲ್ಲ.

ವಿಷಯ ದ್ರಾವಣದ ಸಾರತೆ, ಅಂದರೆ ಇಡೀ ದ್ರಾವಣದಲ್ಲಿ ಕರಗಿದ ವಸ್ತುವಿನ ಪಾಲು ಎಷ್ಟು ಎನ್ನುವುದು. ಎಂಟು ಗಾಜಿನ ಲೋಟ, ನೀರು, ಉಪ್ಪು. ಆಕೆ ತಂದದ್ದು ಮನೆಯ ಕಲ್ಲುಪ್ಪು. ಮಕ್ಕಳು ಚಮಚ ಹಾಕಿ ತಿರುವಿದ್ದೇ ತಿರುವಿದ್ದು, ಹರಳು ತಳ ಬಿಡಲಿಲ್ಲ. “ಇನ್ನ ಕರಗವಲ್ದ್ರಿ ಟೀಚರ್” ಎಂದು ಒಂದೊಂದೇ ಬೆಂಚಿನಿಂದ ದನಿ. ಪುಡಿ ಉಪ್ಪಾಗಿದ್ದರೆ ನೀರಿಗೆ ತಾಗುವ ಮೈ ಹೆಚ್ಚು, ಒಂದೆರಡು ನಿಮಿಷದಲ್ಲಿ ಮುಗಿಯುತ್ತಿತ್ತು. ಆದರೆ ಪ್ಯಾಕೆಟ್ ಪುಡಿ ಉಪ್ಪಿಗೂ ಒಂದು ತಕರಾರಿದೆ. ಗಂಟು ಕಟ್ಟದಿರಲೆಂದು ಅದಕ್ಕೆ ಬೆರೆಸಿದ ಪದಾರ್ಥದಿಂದ ನೀರು ತುಸು ಮಬ್ಬಾಗುತ್ತದೆ. ಚುರುಕು ಹುಡುಗನೊಬ್ಬ ‘ದ್ರಾವಣ ತಿಳಿಯಾಗಿರಬೇಕಲ್ರಿ, ಇದ್ಯಾಕ ಹಿಂಗ?’ ಎಂದು ಕೇಳೇ ಕೇಳುತ್ತಾನೆ. ಕಲ್ಲುಪ್ಪನ್ನು ಹಿಂದಿನ ರಾತ್ರಿ ಕುಟ್ಟಿ ಜರಡಿ ಹಿಡಿದು ತರುವುದು ಎಲ್ಲಕ್ಕಿಂತ ಸುಲಭ. ಮಾಡಿ ತೋರಿಸುವ ಯಾವುದನ್ನೇ ಆಗಲಿ ಮನೆಯಲ್ಲಿ ಒಮ್ಮೆ ಗಡಿಯಾರ ನೋಡಿಕೊಂಡು ಮಾಡಬೇಕು. ‘ಗೊತ್ತಿರೋದೇ ಅಲ್ವಾ’ ಅಂದುಕೊಂಡ ಕಡೆಯೇ ಪಿರಿಯಡ್ ಸೋರುವುದು.

ಬೋರ್ಡಿನ ಕೆಲಸಕ್ಕೆ ಬಂದರೆ, ಮೂರು ಭಾಗ ಮಾಡಿ ಎಡಕ್ಕೆ ದಿನಾಂಕ, ತರಗತಿ, ವಿಷಯ, ಹಾಜರಿ ಬರೆದದ್ದು ಚೊಕ್ಕಟವಾಗಿತ್ತು. ಚಾಕ್‌ಪೀಸನ್ನು ಮುರಿದೇ ಹಿಡಿದಿದ್ದರು, ಕಿರ್ ಎನ್ನಲಿಲ್ಲ. ತೊಂದರೆ ಆದದ್ದು ಮೂರು ಪದಗಳಲ್ಲಿ: ಕರಗುವ ದ್ರಾವ್ಯ, ಕರಗಿಸುವ ದ್ರಾವಕ, ಎರಡೂ ಸೇರಿದ ದ್ರಾವಣ. ಕೊನೆಯ ಅಕ್ಷರವೊಂದೇ ಬೇರೆ. ‘ವ್ಯ’ದ ಒತ್ತು ಕೆಳಗಿನ ಸಾಲಿಗೆ ತಾಗಿ ಮಸುಕಾಯಿತು, ಹಿಂದಿನ ಬೆಂಚಿಗೆ ಅದು ಬರೀ ‘ದ್ರಾವ’ ಎಂದು ಕಂಡಿತು. ಕನ್ನಡದಲ್ಲಿ ಬೋರ್ಡ್ ಬರೆಯುವಾಗ ಎರಡು ಸಾಲುಗಳ ನಡುವೆ ಒಂದು ಅಕ್ಷರದಷ್ಟು ಜಾಗ ಖಾಲಿ ಬಿಡಲೇಬೇಕು, ಒತ್ತಕ್ಷರಕ್ಕೆ ಕಾಲು ಚಾಚಲು ಜಾಗ ಬೇಕಲ್ಲ. ದ್ರಾವ್ಯಕ್ಕೆ ಕೆಂಪು, ದ್ರಾವಕಕ್ಕೆ ನೀಲಿ, ದ್ರಾವಣಕ್ಕೆ ಎರಡೂ ಬಣ್ಣ ಕೊಟ್ಟರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ. ಇನ್ನೊಂದು ಮಾತು. ಸಾರತೆ ಎನ್ನುವ ಕಡೆ ‘ಸಾಂದ್ರತೆ’ ಎಂದುಬಿಟ್ಟರೆ, ಒಂದು ವಸ್ತು ಇನ್ನೊಂದಕ್ಕಿಂತ ದಟ್ಟ ಎನ್ನುವ ಆ ಸಾಂದ್ರತೆಯ ಜೊತೆ ಕಲಸಿ ಹೋಗುತ್ತದೆ. ವಸ್ತು ಎಷ್ಟಿದೆ ಎಂದು ಗ್ರಾಂನಲ್ಲಿ ಹೇಳುವ ‘ರಾಶಿ’ ಎಂಬ ಪದವನ್ನಂತೂ ಆಕೆ ಸುಮ್ಮನೆ ದಾಟಿ ಹೋದರು. ರಾಶಿ ಮಾಡುವುದನ್ನು ಕಣದಲ್ಲಿ ಕಂಡ ಮಕ್ಕಳವು. ಕಾಳಿನ ರಾಶಿಯಿಂದ ವಸ್ತುವಿನ ರಾಶಿಗೆ ಒಂದೇ ಹೆಜ್ಜೆ.

ಆಮೇಲೆ ಲೆಕ್ಕ. 40 ಗ್ರಾಂ ಉಪ್ಪನ್ನು 320 ಗ್ರಾಂ ನೀರಿನಲ್ಲಿ ಕರಗಿಸಿದರೆ ದ್ರಾವಣದ ಸಾರತೆ ಶೇಕಡಾ ಎಷ್ಟು? ಅರ್ಧ ತರಗತಿಯ ಕೈ ಮೇಲೆ. ಉತ್ತರವೂ ಒಂದೇ ದನಿಯಲ್ಲಿ: “ಹನ್ನೆರಡೂವರೆ!”

ಆಕೆ ಗಲಿಬಿಲಿಗೊಂಡರು. “ತಪ್ಪು, ಮತ್ತೊಮ್ಮೆ ಮಾಡಿ” ಅಂದರು. ಮಕ್ಕಳು ಮತ್ತೊಮ್ಮೆ 40ನ್ನು 320ರಿಂದ ಭಾಗಿಸಿದರು. ಭಾಗಾಕಾರ ಸರಿಯೇ ಇತ್ತು, ಹನ್ನೆರಡೂವರೆಯೇ ಬಂತು. ಕೊನೆಗೆ ಬೋರ್ಡಿನ ಮೇಲೆ 40 ಭಾಗಿಸು 360, ಗುಣಿಸು 100, ಶೇಕಡಾ 11.1 ಎಂದು ಬರೆದು, “ಗೊತ್ತಾಯ್ತಾ?” ಅಂದರು. “ಹೂಂ ಟೀಚರ್.” ಬೆಲ್ ಆಯಿತು.

ಮಕ್ಕಳು ಮಾಡಿದ್ದು ಅಡ್ಡಾದಿಡ್ಡಿ ತಪ್ಪಲ್ಲ. ಕಣ್ಣಿಗೆ ಕಾಣುವ ಎರಡೇ ಸಂಖ್ಯೆ 40 ಮತ್ತು 320. 360 ಪ್ರಶ್ನೆಯಲ್ಲಿ ಎಲ್ಲೂ ಇಲ್ಲ, ಎರಡನ್ನೂ ಕೂಡಿಸಿ ಪಡೆಯಬೇಕಾದ ಇಡೀ ದ್ರಾವಣದ ತೂಕ ಅದು. ಕರಗಿದ ಉಪ್ಪು ಕಾಣೆಯಾಯಿತು, ಉಳಿದದ್ದು ನೀರು ಎಂದೇ ಮನಸ್ಸು ಹೇಳುತ್ತದೆ. ಈ ಪಾಠಕ್ಕೆ ಬಹುತೇಕ ಎಲ್ಲ ಶಾಲೆಯಲ್ಲೂ ಇದೇ ತಪ್ಪು ಬರುತ್ತದೆ, ಹಳೆಯ ಶಿಕ್ಷಕರಿಗೆ ಅದು ಬಾಯಿಪಾಠ. ಪಾಠ ಯೋಜನೆಯಲ್ಲಿ ‘ನಿರೀಕ್ಷಿತ ಉತ್ತರ’ ಎಂಬ ಅಂಕಣ ಇದೆಯಲ್ಲ, ಅದರಲ್ಲಿ ಆಕೆ ಬರೆದಿದ್ದದ್ದು 11.1 ಒಂದೇ.

ಪ್ರಶಿಕ್ಷಣಾರ್ಥಿಗಳು ಸರಿ ಉತ್ತರ ಮಾತ್ರ ಬರೆಯುವುದಕ್ಕೆ ಕಾರಣ ಅವರು ಕಲಿತ ರೀತಿಯಲ್ಲೇ ಇದೆ. ಕಾಲೇಜಿನಲ್ಲೇ ಸಹಪಾಠಿಗಳ ಮುಂದೆ ಪುಟ್ಟ ಪಾಠ ಮಾಡಿ ಕಲಿಯುವ ಸೂಕ್ಷ್ಮ ಬೋಧನೆಯ ಒಂದು ಸುತ್ತು 36 ನಿಮಿಷ: ಬೋಧನೆ 6, ಹಿಮ್ಮಾಹಿತಿ 6, ಮರುಯೋಜನೆ 12, ಮರುಬೋಧನೆ 6, ಮತ್ತೆ ಹಿಮ್ಮಾಹಿತಿ 6. ಪೀಠಿಕೆ, ಪ್ರಶ್ನಿಸುವುದು, ಕಪ್ಪುಹಲಗೆ ಬಳಕೆ, ಒಂದೊಂದೇ ಕೌಶಲ ಕೈಗೆ ಕೂರಿಸಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆದರೆ ಮುಂದೆ ಕೂತ ‘ವಿದ್ಯಾರ್ಥಿಗಳು’ ಯಾರು? ಸಹಪಾಠಿ ಪದವೀಧರರು. ನಾಳೆ ತಮ್ಮ ಸರದಿ ಎಂದು ಗೊತ್ತಿರುವವರು ಗೆಳತಿಯನ್ನು ಪೇಚಿಗೆ ಸಿಕ್ಕಿಸುತ್ತಾರೆಯೇ? ಪ್ರಶ್ನೆ ಮುಗಿಯುವ ಮೊದಲೇ ಸರಿ ಉತ್ತರ ಕೊಡುತ್ತಾರೆ. ತಪ್ಪು ಉತ್ತರದ ಮುಖ ಮೊದಲು ಕಾಣುವುದು ಶಾಲೆಗೆ ಬಂದಾಗಲೇ. ಶಿಕ್ಷಕರ ತರಬೇತಿಯನ್ನು ನೋಡಿಕೊಳ್ಳುವ ರಾಷ್ಟ್ರೀಯ ಮಂಡಳಿ ಎನ್‌ಸಿಟಿಇಯ 2014ರ ನಿಯಮ ಬಿ.ಎಡ್. ಅನ್ನು ಎರಡು ವರ್ಷಕ್ಕೆ ಏರಿಸಿ, ಅದರಲ್ಲಿ 20 ವಾರ ಶಾಲೆಗೆಂದೇ ಇಟ್ಟಿತು, ಮೊದಲ ವರ್ಷ 4, ಎರಡನೇ ವರ್ಷ 16. ತರಗತಿ ಪಾಠಗಳಿಗೆ ಶೇ 80 ಹಾಜರಿ ಸಾಕು, ಇಂಟರ್ನ್‌ಶಿಪ್‌ಗೆ ಶೇ 90 ಬೇಕು. ಆ 16 ವಾರವನ್ನು ಚೀಲದಲ್ಲಿ ಶಿಕ್ಷಕರ ಅರ್ಹತಾ ಪರೀಕ್ಷೆಯ (ಟಿಇಟಿ) ಗೈಡ್ ಇಟ್ಟುಕೊಂಡು ಸ್ಟಾಫ್ ರೂಮಿನ ಮೂಲೆಯಲ್ಲಿ ಕಳೆಯುವವರೂ ಇದ್ದಾರೆ. ಟಿಇಟಿಯ 150 ಪ್ರಶ್ನೆಗಳಲ್ಲಿ ಶಿಶು ವಿಕಾಸ ಮತ್ತು ಬೋಧನಾಶಾಸ್ತ್ರಕ್ಕೆ 30 ಇವೆ, ಅವುಗಳಿಗೆ ಉತ್ತರ ಪಕ್ಕದ ತರಗತಿಯಲ್ಲೇ ಓಡಾಡುತ್ತಿರುತ್ತದೆ.

ಊಟದ ಬೆಲ್ಲಿಗೆ ಮುಂಚೆ ಬೇವಿನ ಮರದ ಕೆಳಗೆ ವೀಕ್ಷಣಾ ನಮೂನೆ ಬಿಚ್ಚಿತು. ವೀಕ್ಷಕರು ಸಾಮಾನ್ಯವಾಗಿ ಬರೆಯುವುದು ‘ಧ್ವನಿ ಚೆನ್ನಾಗಿದೆ, ಉತ್ತಮ ಪ್ರಯತ್ನ’. ಅದರಿಂದ ಯಾರಿಗೂ ಮೂರು ಕಾಸಿನ ಉಪಯೋಗವಿಲ್ಲ. ಆ ಶಾಲೆಯ ಮಾರ್ಗದರ್ಶಕ ಶಿಕ್ಷಕರು ಬೇರೆ ಥರ, ನಿಮಿಷ ಹಾಕಿ ಬರೆದಿದ್ದರು. ‘9ನೇ ನಿಮಿಷ: ಇನ್ನೂ ಪೀಠಿಕೆಯ ಶರಬತ್ತಿನ ಪ್ರಶ್ನೆಯಲ್ಲೇ. 14: ಪ್ರಶ್ನೆಗೆ ಮೊದಲೇ ಹುಡುಗನ ಹೆಸರು ಕರೆದಿರಿ, ಉಳಿದ 32 ಮಂದಿ ಯೋಚಿಸುವುದು ಬಿಟ್ಟರು. 22: ಮೂರು ಸೆಕೆಂಡೂ ಕಾಯದೆ ಉತ್ತರ ನೀವೇ ಹೇಳಿದಿರಿ. 31: ಹನ್ನೆರಡೂವರೆ.’ ಆ ಕೊನೆಯದರ ಮುಂದೆ ಏನೂ ಬರೆದಿರಲಿಲ್ಲ. “ನೋಡಮ್ಮ, ಉಪ್ಪು ತೂಗಿದಿಯೇನು?” ಎಂದಷ್ಟೇ ಕೇಳಿದರು. ತೂಗಿರಲಿಲ್ಲ. ಲೋಟಕ್ಕೆ ಎರಡು ಚಮಚ ಹಾಕಿಸಿದ್ದರು. ಪ್ರಯೋಗದಲ್ಲಿ ಚಮಚ, ಲೆಕ್ಕದಲ್ಲಿ ಗ್ರಾಂ. ಎರಡಕ್ಕೂ ಸಂಬಂಧವೇ ಇರಲಿಲ್ಲ.

ಮರುದಿನ ‘ಬಿ’ ವಿಭಾಗಕ್ಕೆ ಅದೇ ಪಾಠ. ಈ ಸಲ ಒಂದೇ ಪಾತ್ರೆ, ಕುಟ್ಟಿದ ಉಪ್ಪು, ಊರಿನ ಕಿರಾಣಿ ಅಂಗಡಿಯಿಂದ ಎರವಲು ತಂದ ಡಿಜಿಟಲ್ ತಕ್ಕಡಿ. ಖಾಲಿ ಪಾತ್ರೆ ಇಟ್ಟು ಸೊನ್ನೆಗೆ ತಂದು, 320 ತೋರುವವರೆಗೆ ನೀರು. ಅಂಕಿ ಹಿಂದಿನವರಿಗೆ ಕಾಣದು, ಹಾಗಾಗಿ ಒಬ್ಬಳು ಓದುವುದು, ಇನ್ನೊಬ್ಬ ಬೋರ್ಡಿನಲ್ಲಿ ಬರೆಯುವುದು. ಚೀಟಿಯಲ್ಲಿ ಬೇರೆ ತೂಗಿಟ್ಟ 40 ಗ್ರಾಂ ಉಪ್ಪನ್ನು ಸುರಿಯುವ ಮೊದಲೇ ಲೆಕ್ಕ ಕೇಳಿದರು. ಹನ್ನೆರಡೂವರೆ ಬಂತು. ಅದನ್ನು ತಪ್ಪು ಅನ್ನದೆ, 40 ಭಾಗಿಸು 320 ಎಂಬ ಲೆಕ್ಕದ ಸಮೇತ ಬೋರ್ಡಿನ ಬಲಮೂಲೆಯಲ್ಲಿ ಬರೆದಿಟ್ಟರು. ಉಪ್ಪು ಸುರಿದು, ಪಾತ್ರೆ ತಕ್ಕಡಿಯ ಮೇಲಿರುವಾಗಲೇ ತಿರುವಿದರು. ಉಪ್ಪು ಕಣ್ಮರೆಯಾಯಿತು, ಅಂಕಿ ಇಳಿಯಲಿಲ್ಲ. ಓದುವ ಹುಡುಗಿ “ಮುನ್ನೂರ ಐವತ್ತೊಂಬತ್ತು” ಅಂದಳು. ಒಂದು ಗ್ರಾಂ ಎಲ್ಲಿ ಹೋಯಿತೆಂದು ಗದ್ದಲ. ಚೀಟಿಗೆ ಅಂಟಿದ ಉಪ್ಪನ್ನು ಕೊಡವಿದ ಮೇಲೆ 360 ಆಯಿತು. ಮೂರನೇ ಬೆಂಚಿನವನೊಬ್ಬ ಎದ್ದು ಬಂದು, ಹೇಳಿಸಿಕೊಳ್ಳದೆ, ಮೂಲೆಯ 320ನ್ನು ಹೊಡೆದು 360 ಬರೆದ.

ವಿಸ್ತರಣೆಗೆ ಬೋರ್‌ವೆಲ್ ನೀರಿನ ಫ್ಲೋರೈಡ್ ಇಟ್ಟುಕೊಂಡಿದ್ದರು: ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎನ್ನುವುದನ್ನು ಶೇಕಡಾಕ್ಕೆ ತಿರುಗಿಸಿದರೆ 0.00015, ಅಂಥ ಕಡೆ ಶೇಕಡಾ ಯಾಕೆ ಕೆಲಸಕ್ಕೆ ಬಾರದು ಎಂಬ ಪ್ರಶ್ನೆ. ರಾಯಚೂರು ಜಿಲ್ಲೆಯ ಮಕ್ಕಳಿಗೆ ಶರಬತ್ತಿಗಿಂತ ಅದೇ ಹತ್ತಿರದ ಉದಾಹರಣೆ. ಆವತ್ತೂ ಅದಕ್ಕೆ ಸಮಯ ಸಿಗಲಿಲ್ಲ.