ಒಂದು ಗೋಣಿತಟ್ಟಿನಷ್ಟು ಜಾಗ

ಹತ್ತು ರೂಪಾಯಿ ಬೀಜ ಕೊಡಿ ಅಂತ ಯಾರಾದರೂ ಬಂದರೆ ಮೊದಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಕಲಬುರಗಿಯ ನೆಹರೂ ಗಂಜ್ ಹತ್ತಿರ ನಮ್ಮದೊಂದು ಸಣ್ಣ ಬೀಜದ ಅಂಗಡಿ. ತೊಗರಿ ಬಿತ್ತನೆ ಹೊತ್ತಿನಲ್ಲಿ ನೀರು ಕುಡಿಯೋಕೂ ಪುರುಸೊತ್ತು ಇರಲ್ಲ, ಉಳಿದ ದಿನ ನೊಣ ಹೊಡೆಯೋದೇ ಕೆಲಸ. 2022ರ ಡಿಸೆಂಬರ್‌ನಲ್ಲಿ ಒಬ್ಬ ಮುದುಕಿ ಬಂದು, ಸೆರಗಿನ ಗಂಟು ಬಿಚ್ಚಿ, ಹತ್ತರ ನಾಣ್ಯ ಕಟ್ಟೆ ಮೇಲೆ ಇಟ್ಟರು.

"ಪುಂಡಿ ಬೀಜ ಕೊಡ್ರಿ ಸಾವ್ಕಾರ್ರೆ."

ಪುಂಡಿ ಅಂದರೆ ನಮ್ಮ ಕಡೆಯ ಹುಳಿ ಸೊಪ್ಪು. ಬಿಡಿ ಬೀಜ ಮಾರಲ್ಲ, ಪಾಕೀಟು ತಗೊಳ್ಳಿ ಅಂದೆ. ಹೊಲ ಎಲ್ಲಿದೆ ಅಂತ ಸುಮ್ನೆ ಕೇಳಿದೆ.

"ಹೊಲ ಎಲ್ಲೀದ್ರಿ. ನಿಮ್ಮ ಪ್ಲಾಟಿನ ಮೂಲ್ಯಾಗ ನಾಕ್ ಕಾಳು ಒಗಿಬೇಕಂತ ಮಾಡೀನಿ."

ಆಳಂದ ರಸ್ತೆ ಕಡೆ ರಿಂಗ್ ರೋಡ್ ಆಚೆ ನಂದೊಂದು ನಲವತ್ತು-ಅರವತ್ತು ಪ್ಲಾಟ್ ಇದೆ. ಮಗನಿಗೆ ಮನೆ ಕಟ್ಟಬೇಕು ಅಂತ ಕೊಂಡಿದ್ದು. ಮಗ ಪುಣೆಯಲ್ಲಿ, ಪ್ಲಾಟಿನಲ್ಲಿ ಬಳ್ಳಾರಿ ಜಾಲಿ. ಪಕ್ಕದ ಕಟ್ಟಡಕ್ಕೆ ಗೌಂಡಿ ಕೆಲಸಕ್ಕೆ ಬಂದವರು ತಗಡಿನ ಶೆಡ್ ಹಾಕಿಕೊಂಡಿದ್ದು ನೋಡಿದ್ದೆ, ಮಾತಾಡಿಸಿರಲಿಲ್ಲ. ನನ್ನ ಪ್ಲಾಟು ಯಾರದು ಅಂತ ಅವರಿಗೆ ಗೊತ್ತಿತ್ತು. ಅವರು ಯಾರು ಅಂತ ನನಗೆ ಗೊತ್ತಿರಲಿಲ್ಲ.

ಎಲ್ಲರೂ ಅವರನ್ನ ಆಯಿ ಅಂತಾರೆ, ನಾನೂ ಹಾಗೇ ಕರೀತೀನಿ. ಅಫಜಲಪುರ ತಾಲೂಕಿನ ಭೀಮಾ ದಂಡೆಯ ಹಳ್ಳಿ. 2020ರ ಅಕ್ಟೋಬರ್ ನೆನಪಿದೆಯಲ್ಲ, ಮೊದಲು ಎರಡು ದಿನ ಹಿಡಿದು ಬಿಡದ ಮಳೆ, ಆಮೇಲೆ ಮೇಲಿಂದ ಮಹಾರಾಷ್ಟ್ರದ ಉಜನಿ ಡ್ಯಾಮಿನ ನೀರು, ಸೊನ್ನ ಬ್ಯಾರೇಜಿನ ಗೇಟು ತೆಗೆದರು. ಆಯಿಯ ಮಣ್ಣಿನ ಮನೆ ಎರಡೇ ದಿನಕ್ಕೆ ಕೂತುಬಿಟ್ಟಿತು. ತೊಗರಿ ಹೂವಿಗೆ ಬಂದಿತ್ತು, ನಿಂತಲ್ಲೇ ಕೊಳೆಯಿತು. ಮನೆಗೆ ನೀರು ಹೊಕ್ಕಿದ್ದಕ್ಕೆ ಹತ್ತು ಸಾವಿರ ಬಂತಂತೆ. ಬೆಳೆ ಪರಿಹಾರ ಮಾತ್ರ ಬರಲಿಲ್ಲ. ಹೊಲ ಲಾವಣಿಗೆ, ಅಂದರೆ ಗುತ್ತಿಗೆಗೆ ಮಾಡಿದ್ದು. ಪಹಣಿಯಲ್ಲಿ ಹೆಸರು ಇದ್ದವರ ಖಾತೆಗೆ ದುಡ್ಡು ಹೋಯಿತು.

"ಕಾಳಜಿ ಕೇಂದ್ರದಾಗ ನಿರಾಶ್ರಿತರು ಊಟಕ್ಕ ಬರ್ರಿ ಅಂತ ಮೈಕಿನಾಗ ಒದರತಿದ್ರು. ನಾ ಬ್ಯಾರೆ ಯಾರನ್ನೋ ಕರ್ಯಾಕತ್ಯಾರ ಅಂದ್ಕೊಂಡು ಕೂತಿದ್ದೆ" ಅಂತ ಆಯಿ ಒಮ್ಮೆ ನಕ್ಕಿದ್ದರು. ನನಗೂ ನಿರಾಶ್ರಿತರು ಅಂದರೆ ಚಳಿಗಾಲದಲ್ಲಿ ಸ್ವೆಟರ್ ಮಾರೋಕೆ ಬರೋ ಟಿಬೆಟಿನವರೇ ನೆನಪಾಗೋದು. 1951ರ ವಿಶ್ವಸಂಸ್ಥೆ ಒಪ್ಪಂದದ ಪ್ರಕಾರವೂ ಜನಾಂಗ, ಧರ್ಮ, ರಾಜಕೀಯದಂಥ ಕಾರಣಕ್ಕೆ ಕಿರುಕುಳದ ಭಯದಿಂದ ದೇಶದ ಗಡಿ ದಾಟಿದವರೇ ನಿರಾಶ್ರಿತರು. ಹೊಳೆ ಓಡಿಸಿದವರು ಆ ಲೆಕ್ಕಕ್ಕೆ ಬರಲ್ಲ. ಆಯಿ ದಾಟಿದ್ದು ಬರೀ ತಾಲೂಕಿನ ಗಡಿ.

ಪ್ಲಾಟು ಬಳಸಿಕೊಳ್ಳಿ ಅಂದೆ. ಇಲ್ಲಿಂದ ನನ್ನ ದಡ್ಡತನದ ಕಥೆ ಶುರು. ಬೀಜ ಮಾರೋನು ನಾನು, ಬೇಸಾಯ ನನಗೇ ಜಾಸ್ತಿ ಗೊತ್ತು ಅಂತ ತಲೆಯಲ್ಲಿ ಇತ್ತು. ಹನ್ನೆರಡು ಗ್ರೋ ಬ್ಯಾಗ್, ಕೋಕೋಪೀಟ್ ಅನ್ನೋ ತೆಂಗಿನ ನಾರಿನ ಪುಡಿ, ಲೆಟಿಸ್ ಬೀಜ, ಬಣ್ಣದ ಕ್ಯಾಪ್ಸಿಕಂ. ಹೋಟೆಲಿನವರು ಒಳ್ಳೆ ರೇಟು ಕೊಡ್ತಾರೆ ಅಂತ ಯೂಟ್ಯೂಬ್ ನೋಡಿ ಲೆಕ್ಕ ಹಾಕಿದ್ದೆ. ಆಯಿಗೆ, ಅವರ ಸೊಸೆಗೆ, ಇನ್ನೆರಡು ಮನೆಯ ಹೆಂಗಸರಿಗೆ ಅರ್ಧ ತಾಸು ಪಾಠ ಬೇರೆ ಮಾಡಿದೆ. ಪಾಪ, ಸೆರಗು ಹೊದ್ದು ಕೇಳಿಸಿಕೊಂಡರು. ಹಾಕಿದ್ದು ಫೆಬ್ರವರಿಯಲ್ಲಿ. ನಮ್ಮೂರ ಮಾರ್ಚ್ ಬಂತು. ಬೋರಿನ ನೀರು ಸವುಳು, ಚೀಲದ ಬಾಯಿಗೆ ಬಿಳಿ ಉಪ್ಪು ಕೂತಿತು. ಲೆಟಿಸ್ ಎಲೆ ಕೈಯಲ್ಲಿ ಹಿಡಿದರೆ ಹಪ್ಪಳದ ಹಾಗೆ ಪುಡಿ.

ಆ ಹೊತ್ತಿಗೆ ಗೋಡೆ ಮೂಲೆಯಲ್ಲಿ ಯಾರ ಪಾಠವೂ ಇಲ್ಲದೆ ಪುಂಡಿ ಮೊಳಕಾಲುದ್ದ ಎದ್ದಿತ್ತು.

"ಏನ್ ಮಾಡೋಣ ಆಯಿ?" ಅಂದೆ. ಅವತ್ತಿಂದ ನನ್ನ ಪಾಠ ಬಂದ್.

ಮೊದಲು ಮಣ್ಣು. ಯಾರೋ ಮನೆ ಒಡೆದ ಇಟ್ಟಿಗೆ, ಸಿಮೆಂಟ್ ಚೂರು ಎಲ್ಲ ನನ್ನ ಪ್ಲಾಟಿಗೆ ಸುರಿದಿದ್ದರು. ಹೆಂಗಸರು ಗೌಂಡಿಗಳ ಮರಳು ಜರಡಿಯಲ್ಲೇ ಮಣ್ಣು ಸೋಸಿದರು. ನಾನು ಒಂದು ಪೊಟ್ಟಣ ಮಣ್ಣು ಕೃಷಿ ವಿಜ್ಞಾನ ಕೇಂದ್ರಕ್ಕೆ ಕೊಟ್ಟು ಬಂದೆ. ಪಿಎಚ್ 8.6 ಅಂತ ಬಂತು, ಅಂದರೆ ಮಣ್ಣು ಕ್ಷಾರ, ಸಗಣಿ ಗೊಬ್ಬರ ಜಾಸ್ತಿ ಹಾಕಿ ಅಂದರು. ಆಯಿ ಅದನ್ನ ಮಣ್ಣು ನಾಲಿಗೆಗೆ ಹಚ್ಚಿಕೊಂಡು ಮೊದಲೇ ಹೇಳಿದ್ದರು. ಎರಡು ಟ್ರ್ಯಾಕ್ಟರ್ ಗೊಬ್ಬರ ಬಿತ್ತು. ಬೋರಿನ ನೀರಿಗೆ ನಾಲ್ಕೈದು ದಿನಕ್ಕೊಮ್ಮೆ ಬರೋ ನಳದ ನೀರು ತೊಟ್ಟಿಯಲ್ಲಿ ಕೂಡಿಸಿ ಕೊಟ್ಟೆವು. ಶೇಡ್ ನೆಟ್ ಬದಲು ಹಳೇ ಸೀರೆ. ಬಿದಿರು ನಿಲ್ಲಿಸಿ ಬಣ್ಣಬಣ್ಣದ ಸೀರೆ ಕಟ್ಟಿದ್ದು ನೋಡಿ, ರಸ್ತೆಯಲ್ಲಿ ಹೋಗೋರು ಯಾರ ಲಗ್ನ ಅಂತ ಕೇಳುತ್ತಿದ್ದರು. ಒಂದು ವಿಷಯಕ್ಕೆ ಮಾತ್ರ ನಾನು ಹಟ ಹಿಡಿದೆ. ಹಿಂದೆ ಹರಿಯೋ ಚರಂಡಿ ನೀರು ಬೇಡವೇ ಬೇಡ ಅಂದೆ. ಸೊಪ್ಪು ಸೊಂಪಾಗಿ ಬರುತ್ತೆ ಖರೆ. ಆದರೆ ಹಸಿ ಕೊತಂಬ್ರಿ ಮಕ್ಕಳ ಬಾಯಿಗೆ ಹೋಗುತ್ತೆ, ಜಂತುಹುಳದ ತತ್ತಿ ಸಮೇತ.

ರಾಜಗಿರಿ ಬಿತ್ತೋದನ್ನ ನಾನು ಅಂಗಡಿಗೆ ತಡ ಮಾಡಿಕೊಂಡು ನಿಂತು ನೋಡಿದೀನಿ. ಬೀಜ ಸಾಸಿವೆಗಿಂತ ಸಣ್ಣದು, ಹಿಡಿದು ಎಸೆದರೆ ಒಂದೇ ಕಡೆ ಗುಂಪಾಗಿ ಬೀಳುತ್ತೆ. ಆಯಿ ಒಂದು ಚಿಟಿಕೆ ಬೀಜಕ್ಕೆ ಎರಡು ಹಿಡಿ ಸೋಸಿದ ಬೂದಿ ಬೆರೆಸುತ್ತಾರೆ. ಮುಷ್ಟಿ ಪೂರ್ತಿ ತೆಗೆಯಲ್ಲ. ಕಿರುಬೆರಳು, ಉಂಗುರಬೆರಳು ಇಷ್ಟೇ ಇಷ್ಟು ಸಡಿಲ ಬಿಟ್ಟು, ಮಣಿಕಟ್ಟು ಅಲ್ಲಾಡಿಸುತ್ತಾ ಹಿಂದಕ್ಕೆ ಹೆಜ್ಜೆ ಇಡುತ್ತಾರೆ. ಕಪ್ಪು ಮಣ್ಣಿನ ಮೇಲೆ ಬೂದಿ ಬಿದ್ದಿರುತ್ತಲ್ಲ, ಎಲ್ಲಿ ಬಿತ್ತಾಯ್ತು ಎಲ್ಲಿ ಇಲ್ಲ ಅಂತ ಕಣ್ಣಿಗೇ ಕಾಣುತ್ತೆ. ಆಮೇಲೆ ಕಸಬರಿಗೆಯಿಂದ ಮೆಲ್ಲಗೆ ಒಂದು ಸಲ ಸವರೋದು. ನಾನು ಮಾಡೋಕೆ ಹೋಗಿ ಅರ್ಧ ಮಡಿ ಬರಿದು ಬಿಟ್ಟೆ. ಸೊಸೆ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು.

ಜಾಗವೆಲ್ಲ ಸೇರಿ ಎರಡು ಗುಂಟೆಗೆ ಸ್ವಲ್ಪ ಜಾಸ್ತಿ. ಅದರಲ್ಲೇ ಸಣ್ಣ ಸಣ್ಣ ಮಡಿ, ವಾರಕ್ಕೆ ಎರಡು ಮಡಿ ಬಿತ್ತನೆ. ರಾಜಗಿರಿ, ಮೆಂತ್ಯ ತಿಂಗಳೊಳಗೆ ಕೈಗೆ ಬರುತ್ತವೆ. ಪಾಲಕ್ ಕೊಯ್ದಷ್ಟೂ ಚಿಗುರುತ್ತೆ, ಪುಂಡಿ ಚಿವುಟಿದಷ್ಟೂ. ಅದಕ್ಕೇ ಇಡೀ ವಾರ ಮಾರೋಕೆ ಏನಾದರೂ ಇರುತ್ತೆ.

ಆದರೆ ಮಾರೋದು ಎಲ್ಲಿ? ನನ್ನ ತಲೆ ನಿಜವಾಗಿ ಕೆಟ್ಟಿದ್ದು ಇಲ್ಲಿ. ಮೊದಲ ದಿನ ಅರವತ್ತು ಕಟ್ಟು ಕಣ್ಣಿ ಮಾರ್ಕೆಟ್ಟಿಗೆ ಒಯ್ದರು. ಬೆಳಗಿನ ಹರಾಜಿನಲ್ಲಿ ಕಟ್ಟಿಗೆ ಮೂರು ರೂಪಾಯಿ. ಅದೇ ಕಟ್ಟು ಎಂಟು ಗಂಟೆಗೆ ಹತ್ತು ಹೆಜ್ಜೆ ಆಚೆ ಹತ್ತು ರೂಪಾಯಿಗೆ ಹೋಗುತ್ತಿತ್ತು. ತಾವೇ ಕೂತು ಮಾರೋಣ ಅಂದರೆ ಎಲ್ಲಿ ಗೋಣಿತಟ್ಟು ಹಾಸಿದರೂ "ಏಳ್ರಿ, ಇದು ನಮ್ಮ ಜಾಗ". ನಾನು ಶೂರನ ಹಾಗೆ ಹೋದೆ. ಬೀದಿ ವ್ಯಾಪಾರಿಗಳ ಕಾಯ್ದೆ 2014ರಲ್ಲೇ ಬಂದಿದೆ, ಯಾರನ್ನೂ ಹಾಗೆ ಎಬ್ಬಿಸೋಕೆ ಬರಲ್ಲ ಅಂತ ಮೊಬೈಲ್ ತೋರಿಸಿ ಭಾಷಣ ಮಾಡಿದೆ. ಆ ಕಾಯ್ದೆ ಕಾಯೋದು ಮೊದಲಿಂದ ಅಲ್ಲಿ ಕೂತವರನ್ನೂ ಹೌದಲ್ಲ, ಅದು ನನಗೆ ಹೊಳೆದಿರಲಿಲ್ಲ. ಇಡೀ ಸಾಲು ನನ್ನ ಮೇಲೆ ತಿರುಗಿ ಬಿತ್ತು.

ಮರುದಿನ ಆಯಿ ಒಬ್ಬರೇ ಹೋದರು. ಎಲ್ಲರೂ ಖಾಲಾ ಅಂತ ಕರೆಯೋ ಹಣ್ಣು-ತರಕಾರಿ ಮಾರೋ ಬಾಗವಾನ ಸಮುದಾಯದ ಒಬ್ಬ ಹೆಂಗಸಿನ ಹಿಂದೆ ಕೂತರು. ಖಾಲಾಗೆ ಕೈ ನೋವು, ಕಟ್ಟು ಕಟ್ಟೋಕೆ ಆಗುತ್ತಿರಲಿಲ್ಲ. ಆಯಿ ಕೇಳದೇ ಕಟ್ಟಿಕೊಟ್ಟರು. ಖಾಲಾ ದಖನಿ ಉರ್ದು, ಆಯಿ ಭೀಮಾ ದಂಡೆ ಕನ್ನಡ, ಇಬ್ಬರಿಗೂ ಮಾತು ಮುಗಿಯುತ್ತಿರಲಿಲ್ಲ. ಐದನೇ ದಿನ ಖಾಲಾ ತಮ್ಮ ತಟ್ಟನ್ನ ಒಂದು ಮೊಳ ಆಚೆ ಎಳೆದರು. ಅಷ್ಟೇ. ಪುಂಡಿ ಇವರು, ಉಳ್ಳಾಗಡ್ಡಿ ತಪ್ಪಲು ಅವರು, ಗಿರಾಕಿ ಇಬ್ಬರಿಗೂ. ಜಕಾತಿಯವನು ಬಂದರೆ ಖಾಲಾನೇ ಮಾತಾಡುತ್ತಾರೆ.

ಕಾಗದದ ಮೇಲೆ ಆಯಿಗೆ ಜಾಗ ಇನ್ನೂ ಸಿಕ್ಕಿಲ್ಲ. 2020ರ ಜೂನ್‌ನಲ್ಲಿ ಶುರುವಾದ, ಬೀದಿ ವ್ಯಾಪಾರಿಗಳಿಗೆ ಸಾಲ ಕೊಡೋ ಪಿಎಂ ಸ್ವನಿಧಿ ಯೋಜನೆಯಲ್ಲಿ ಮೊದಲ ಸಲ ಹತ್ತು ಸಾವಿರ ಸಾಲ ಸಿಗುತ್ತಿತ್ತು, ವ್ಯಾಪಾರಿ ಗುರುತಿನ ಚೀಟಿ ಇಲ್ಲದಿದ್ದರೆ ಶಿಫಾರಸು ಪತ್ರ ಬೇಕಿತ್ತು. ನಾನು ಕರೆದುಕೊಂಡು ಹೋದ ಕಡೆ ಆಧಾರ್ ನೋಡಿ, ವಿಳಾಸ ಅಫಜಲಪುರದ್ದು ಇದೆಯಲ್ಲ, ಅಲ್ಲೇ ಕೇಳಿ ಅಂದರು. ಅಲ್ಲಿ ಮನೆನೇ ಇಲ್ಲ ಅಂದೆ. ಮುಂದಿನ ವಾರ ಬನ್ನಿ ಅಂದರು. ಮೂರು ಸಲ ಹೋದ ಮೇಲೆ ಆಯಿನೇ ಬೇಡ ಅಂದರು. ಒಂದು ದಿನ ಹೋದರೆ ಆ ದಿನದ ಸೊಪ್ಪು ಬಾಡುತ್ತೆ.

ಇದನ್ನೆಲ್ಲ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿರೋ ಅಕ್ಕನ ಮಗನಿಗೆ ಫೋನಿನಲ್ಲಿ ಹೇಳಿದೆ. "ಮಾಮಾ, ಇಲ್ಲೂ ಇದೇ ಕಥೆ" ಅಂದ. ಅಲ್ಲಿ ಸಿಟಿ ಹೈಟ್ಸ್ ಅನ್ನೋ ಬಡಾವಣೆಯಲ್ಲಿ ನ್ಯೂ ರೂಟ್ಸ್ ಅಂತ ತೋಟ ಇದೆಯಂತೆ. ಯುದ್ಧಕ್ಕೆ ಊರು ಬಿಟ್ಟು ಬಂದ ಸೊಮಾಲಿಯಾ, ಕಾಂಬೋಡಿಯಾದವರು ತಮ್ಮ ಊರಿನ ತರಕಾರಿ ಬೆಳೀತಾರೆ. 2010ರಲ್ಲಿ ಮಿಶೆಲ್ ಒಬಾಮಾ ನೋಡೋಕೆ ಹೋಗಿದ್ದರು. ಬೆಳೆಯೋದು ಅವರಿಗೆ ಯಾರೂ ಕಲಿಸಬೇಕಿರಲಿಲ್ಲ, ನಗರಸಭೆಯ ಅನುಮತಿಗೇ ದುಡ್ಡು, ಓಡಾಟ ಎರಡೂ ಸುರಿಯಬೇಕಾಯಿತು ಅಂದ. ನನಗೆ ಒಂಥರಾ ಸಮಾಧಾನ ಆಯಿತು. ನಾಚಿಕೆಯೂ ಆಯಿತು, ಯಾಕಂದರೆ ನಾನೂ ಆಯಿಗೆ ಇವತ್ತಿನ ತನಕ ಒಂದು ಚೀಟಿ ಬರೆದುಕೊಟ್ಟಿಲ್ಲ. ಪ್ಲಾಟಿಗೆ ಬಾಡಿಗೆ ಇಲ್ಲ, ಕರಾರು ಇಲ್ಲ. ರೇಟು ಏರಿದೆ, ಮಾರಿಬಿಡು ಅಂತ ಮಗ ಹೇಳ್ತಾನೇ ಇರ್ತಾನೆ. ಬರೆದುಕೊಟ್ಟರೆ ಮುಂದೆ ಬಿಡಿಸೋದು ಕಷ್ಟ ಅನ್ನೋ ಭಯ ನನಗೂ ಇದೆ. ಪಹಣಿಯ ಹೆಸರಿನವನು ಈ ಸಲ ನಾನು. ಇದನ್ನ ಮನೆಯಾಕೆ ಮುಖದ ಮೇಲೆ ಅಂದಳು, ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಂಗಡಿಯಲ್ಲಿ ಈಗ ಆರು ಗಾಜಿನ ಬರಣಿ ಇಟ್ಟಿದೀನಿ. ಪುಂಡಿ, ರಾಜಗಿರಿ, ಮೆಂತ್ಯ, ಪಾಲಕ್, ಸಬ್ಬಸಿಗೆ, ಕೊತಂಬ್ರಿ. ಹತ್ತು ರೂಪಾಯಿಗೂ ತೂಗಿ ಕೊಡ್ತೀನಿ.

ಹೋದ ಭಾನುವಾರ ಮಾರ್ಕೆಟ್ಟಿಗೆ ಹೋಗಿ ಆಯಿ ಹತ್ತಿರ ಎರಡು ಕಟ್ಟು ಪುಂಡಿ ತಗೊಂಡೆ. ಇಪ್ಪತ್ತು ಕೊಟ್ಟು, "ಕೊಸರು ಹಾಕಿ ಆಯಿ, ಪ್ಲಾಟಿನ ಮಾಲಕ ನಾನು" ಅಂದೆ.

ಆಯಿ ದುಡ್ಡು ಕಣ್ಣಿಗೆ ಒತ್ತಿಕೊಂಡು ತಟ್ಟಿನ ಕೆಳಗೆ ಇಟ್ಟರು. "ಬೀಜಕ್ಕ ನೀವು ಯಾವತ್ತರೆ ಕೊಸರು ಕೊಟ್ಟೀರೇನ್ರಿ?" ಅಂದರು. ಖಾಲಾ ಜೋರಾಗಿ ನಕ್ಕರು. ಹಿಂದೆ ನಿಂತ ಗಿರಾಕಿ ನನ್ನನ್ನ ಸರಿಯಿರಿ ಅಂದ.