ಎಡಗಣ್ಣಿನ ನೀಲಿ

ವಿಜಯಪುರ, 12 ಜನವರಿ 2025, ರವಿವಾರ

ಎಡಗಣ್ಣಿನ ಪೊರೆ ತೆಗೆಸಿದ್ದು ದೀಪಾವಳಿ ಕಳೆದ ಮೇಲೆ. ಹನಿ ಹಾಕುವುದು ಮುಗಿಯಿತು, ಕಪ್ಪು ಕನ್ನಡಕ ಕಪಾಟು ಸೇರಿತು. ಬಲಗಣ್ಣಿನದು ಇನ್ನೂ ಬಾಕಿ. ಹಿಂಗಾಗಿ ಬಲಗಣ್ಣು ಮುಚ್ಚಿದರೆ ಇವರ ಧೋತರ ಬೆಳ್ಳಗೆ, ಎಡಗಣ್ಣು ಮುಚ್ಚಿದರೆ ಅದೇ ಧೋತರ ಚಹಾದಾಗ ಅದ್ದಿ ತೆಗೆದಂಗ. ಇಷ್ಟು ವರ್ಷ ಸೋಪಿನ ಪುಡಿ ಸುಮ್ಮನೆ ಬೈಸಿಕೊಂಡಿತು ಪಾಪ.

ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗೆ ತಿರುಗಿ ನೀಲಿ ಬೆಳಕನ್ನು ತಡೆಯುತ್ತದೆ. ಅದು ನಿಧಾನಕ್ಕೆ ಆಗುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಮಸೂರ ಬದಲಾದ ಮರುದಿನ ಪಟ್ಟಿ ಬಿಚ್ಚಿದಾಗ ಕಿಟಕಿಯಾಚೆ ಕಂಡ ಆಕಾಶಕ್ಕೆ ನಾನು ಬೆಚ್ಚಿಬಿದ್ದೆ. ಮತ್ತೆ ಕ್ಯಾಮೆರಾ ಹಿಡಿಯುವ ಹುಚ್ಚು ಹತ್ತಿದ್ದು ಅವತ್ತೇ.

ನೌಕರಿ ಸೇರಿದ ಹೊಸದರಲ್ಲಿ ನನ್ನ ಹತ್ರ ಆಗ್ಫಾ ಕ್ಲಿಕ್ ಥ್ರೀ ಇತ್ತು. ರೋಲಿಗೆ 12 ಚೌಕದ ಫೋಟೊ. ಫೋಕಸ್ ಮಾಡುವ ಗೋಜಿಲ್ಲ. ಕಣ್ಣಿಗೆ ಈಗ ಕೂಡಿಸಿದ ಮಸೂರವೂ ಅದೇ ಜಾತಿಯದು, ದೂರದ್ದಷ್ಟೇ ಸ್ಪಷ್ಟ, ಪೇಪರು ಓದಲಿಕ್ಕೆ ಚಾಳೀಸು ಬೇಕೇ ಬೇಕು. ಮದುವೆ, ಮಕ್ಕಳು, ಸಾಲಿ, ವರ್ಗಾವಣೆಗಳ ನಡುವೆ ಕ್ಯಾಮೆರಾ ಟ್ರಂಕಿಗೆ ಹೋದದ್ದು ಹೊರಗೆ ಬರಲೇ ಇಲ್ಲ. ಈಗ ಕೈಯಲ್ಲಿರುವುದು ಮಗಳು ಬಿಟ್ಟುಹೋದ ನಿಕಾನ್.

ಇವತ್ತು ಮುಂಜಾನೆ ಬಾರಾ ಕಮಾನಿಗೆ ಹೋಗಿದ್ದೆ. ಎರಡನೇ ಅಲಿ ಆದಿಲ್‌ಶಾಹನ ಗೋರಿ ಅದು. ಅವನು 1672ರಲ್ಲಿ ತೀರಿಕೊಂಡ, ಕಟ್ಟಡ ಅರ್ಧಕ್ಕೇ ನಿಂತಿತು. ಗುಮ್ಮಟವಿಲ್ಲ, ಛತ್ತಿಲ್ಲ. ಸಾಲುಸಾಲು ಕರಿಗಲ್ಲಿನ ಕಮಾನು, ಸಂದಿಗೆಲ್ಲ ಆಕಾಶ. ಗೋಳಗುಮ್ಮಟಕ್ಕೆ ಜನ ಮುಗಿಬೀಳಲಿ, ಫೋಟೊ ತೆಗೆಯುವವರಿಗೆ ಇದರಷ್ಟು ಚಂದದ ಜಾಗ ಊರಾಗಿಲ್ಲ. ಕಾಡಿಸುವ ಜಾಗವೂ ಹೌದು. ಕಲ್ಲಿಗೆ ಬೆಳಕು ಅಳೆದರೆ ಆಕಾಶ ಬಿಳಿಚಿಕೊಳ್ಳುತ್ತದೆ, ಆಕಾಶಕ್ಕೆ ಅಳೆದರೆ ಕಲ್ಲು ಮಸಿಯಾಗುತ್ತದೆ. ನಾನು ಆಕಾಶದ ಪಕ್ಷ. ಸೂರ್ಯನನ್ನು ಬೆನ್ನಿಗೆ ಇಟ್ಟುಕೊಂಡು ನಿಂತರೆ ಎರಡೂ ಒಂದಿಷ್ಟು ರಾಜಿಯಾಗುತ್ತವೆ.

1855ರಲ್ಲಿ ಮುಂಬೈ ಸರ್ಕಾರ ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿಯನ್ನು ವಿಜಾಪುರ, ಬಾದಾಮಿ, ಐಹೊಳೆಗಳ ಫೋಟೊ ತೆಗೆಯಲು ನೇಮಿಸಿತ್ತು. ಆಗಿನ ಕಾಗದದ ನೆಗೆಟಿವ್‌ಗೆ ಕೆಂಪು ಕಾಣುತ್ತಲೇ ಇರಲಿಲ್ಲ, ನೀಲಿಯೊಂದೇ ಅತಿಯಾಗಿ ತಾಗಿ ಆಕಾಶ ಬರೀ ಬಿಳಿ ಬಯಲಾಗುತ್ತಿತ್ತು. ಬಿಗ್ಸ್ ಸಾಹೇಬನ ಎದುರಿಗಿದ್ದ ನೀಲಿ ಅವನ ಕಾಗದಕ್ಕೆ ಇಳಿಯಲಿಲ್ಲವಲ್ಲ ಎಂದು ಕಮಾನಿನ ಕೆಳಗೆ ಕುಂತು ಅವನ ಬಗ್ಗೆ ಮರುಗಿದೆ.

ಅಷ್ಟರಲ್ಲಿ ಕ್ರಿಕೆಟ್ ಬಿಟ್ಟು ಓಡಿಬಂದ ಹುಡುಗನೊಬ್ಬ, "ಆಯಿ, ಮೊಬೈಲ್‌ನ್ಯಾಗ ತಗೀಬೇಕಿಲ್ರಿ? ಇಷ್ಟು ವಜ್ಜಿ ಯಾಕ ಹೊರ್ತೀರಿ?" ಅಂದ.

"ಮೊಬೈಲ್ ತನಗ ಬೇಕಾದ ಬಣ್ಣ ಹಚ್ಚತೈತಪ್ಪ, ನನಗ ನನ್ನ ಬಣ್ಣ ಬೇಕು" ಅಂದೆ. ಅರ್ಥವಾಯಿತೋ ಇಲ್ಲವೋ, ತಿರುಗಿ ಬೌಲಿಂಗ್‌ಗೆ ಓಡಿದ.

ನನ್ನ ಬಣ್ಣ ಅಂದರೆ ಇದು: ಕ್ಯಾಮೆರಾದಾಗ ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಡೇಲೈಟಿಗೆ, ಅಂದರೆ ಬಿಸಿಲಿನ ಬೆಳಕಿಗೆ ಇಟ್ಟು ಒಂದು ಫೋಟೊ, ನಿಂತಲ್ಲಿಂದಲೇ ಶೇಡ್‌ಗೆ, ಅಂದರೆ 8000 ಕೆಲ್ವಿನ್‌ಗೆ ಇಟ್ಟು ಹಳದಿ ಹೊಡೆಯುವ ಇನ್ನೊಂದು. ಮೊದಲನೆಯದು ಎಡಗಣ್ಣು, ಎರಡನೆಯದು ಹೆಚ್ಚೂಕಮ್ಮಿ ಬಲಗಣ್ಣು. ಬಲಗಣ್ಣಿನ ಆಪರೇಷನ್ ಸಂಕ್ರಾಂತಿ ಆದಮೇಲೆ. ಅಷ್ಟರೊಳಗೆ ಸಿದ್ಧೇಶ್ವರ ಜಾತ್ರೆಯನ್ನೂ ಹಿಂಗೇ ಜೋಡಿಜೋಡಿ ತೆಗೆದಿಡಬೇಕು. ಆಮೇಲೆ ಹೋಲಿಸಿ ನೋಡಲಿಕ್ಕೆ ಹಳದಿ ಕಣ್ಣು ಇರುವುದಿಲ್ಲ.

ಮನೆಗೆ ಬಂದು ಎರಡೂ ಫೋಟೊ ಇವರ ಮುಂದೆ ಹಿಡಿದೆ. ಬಹಳ ಹೊತ್ತು ನೋಡಿದರು.

"ಎರಡೂ ಒಂದ ಅದಾವಲ್ಲ, ಏನ್ ಫರಕ್ ಐತಿ?"

ನಾಳೆ ಫೋನು ಮಾಡಿ ಡಾಕ್ಟರ ಹತ್ರ ಇವರ ಹೆಸರನ್ನೂ ಬರೆಸುತ್ತೇನೆ.